ಅಲುಗಾಡದೆ ಮಲಗಿರುವ ನಾಯಿಯನ್ನು ಶಾಂತ ನಾಯಿ ಎಂದು ನಂಬಿ ಹಣ ಕೊಡಬೇಡಿ

ಶೆಲ್ಟರಿನಿಂದ ತಂದ ನಾಯಿಯನ್ನು ಕೆಲವೇ ವಾರಗಳಲ್ಲಿ ಪಳಗಿಸಿ, ಮಾನಸಿಕ ತೊಂದರೆ ಇರುವವರಿಗೆ ಸೇವಾ ನಾಯಿಯಾಗಿ ಕೊಡುತ್ತೇವೆ ಎನ್ನುವವರ ಬಳಿಗೆ ನಿಮ್ಮ ಮನೆಯವರು ಯಾರಾದರೂ ಹೋಗುವ ಯೋಚನೆಯಲ್ಲಿದ್ದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಅಂಥದೊಂದು ಸಂಸ್ಥೆಯಿಂದ ನನ್ನ ತಂಗಿ ಅನುಭವಿಸಿದ್ದನ್ನು ಇನ್ನೊಬ್ಬರು ಅನುಭವಿಸಬಾರದು ಎಂದು ಬರೆಯುತ್ತಿದ್ದೇನೆ. ರಕ್ಷಿಸಿದ ನಾಯಿಗಳ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಹಿಳಾ ಕಾರಾಗೃಹದಲ್ಲಿ 1981ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ, ದಿಕ್ಕಿಲ್ಲದ ನಾಯಿಗಳಿಗೆ ಕೈದಿಗಳೇ ತರಬೇತಿ ಕೊಟ್ಟು ಅಂಗವಿಕಲರ ನೆರವಿಗೆ ಸಿದ್ಧಪಡಿಸಿದ್ದಾರೆ. ನನ್ನ ಆಕ್ಷೇಪವಿರುವುದು ಹೆದರಿ ಮರಗಟ್ಟಿದ ಪ್ರಾಣಿಯನ್ನು ಸೌಮ್ಯ ಸ್ವಭಾವದ್ದೆಂದು ತೋರಿಸಿ ಮಾರುವವರ ಬಗ್ಗೆ.

ರಸ್ತೆ ಅಪಘಾತವೊಂದರ ನಂತರ ತಂಗಿಗೆ ದುಃಸ್ವಪ್ನಗಳೂ ಜನಸಂದಣಿಯಲ್ಲಿ ಪ್ಯಾನಿಕ್ ಅಟ್ಯಾಕ್‌ಗಳೂ ಶುರುವಾಗಿದ್ದವು. ಔಷಧ ಮತ್ತು ಆಪ್ತಸಮಾಲೋಚನೆಯ ಜೊತೆಗೆ ತರಬೇತಿ ಪಡೆದ ನಾಯಿಯೂ ನೆರವಾಗಬಹುದು ಎಂದು ಅವಳ ಮನೋವೈದ್ಯರೂ ಒಪ್ಪಿದ್ದರು. ಸಂಸ್ಥೆಯವರು ನಮ್ಮೆದುರು ಒಂದು ಕಂದು ಬಣ್ಣದ ನಾಯಿಯನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲೇ ಸ್ಟೀಲ್ ತಟ್ಟೆ ಬೀಳಿಸಿದರು, ಅದನ್ನು ದಾಟಿಕೊಂಡು ಓಡಾಡಿದರು. ಅದು ಮಿಸುಕಲಿಲ್ಲ. "ನೋಡಿ ಮೇಡಂ, ಎಷ್ಟು ಶಾಂತ" ಎಂದರು. ಆದರೆ ಅದರ ಕಿವಿಗಳು ತಲೆಗೆ ಅಂಟಿದಂತೆ ಹಿಂದಕ್ಕೆ ಸರಿದಿದ್ದವು, ಬಾಯಿ ಬಿಗಿಯಾಗಿ ಮುಚ್ಚಿತ್ತು, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತಿತ್ತು, ತಿನ್ನಲು ಏನೂ ಇಲ್ಲದಿದ್ದರೂ ಮತ್ತೆ ಮತ್ತೆ ಮೂಗು ನೆಕ್ಕಿಕೊಳ್ಳುತ್ತಿತ್ತು. ತಂಗಿ ಬಿಸ್ಕತ್ತು ಹಿಡಿದರೆ ಮುಖ ತಿರುಗಿಸಿತು. ಇವೆಲ್ಲವೂ ನಾಯಿ ತೀವ್ರ ಒತ್ತಡದಲ್ಲಿದೆ ಎಂಬುದರ ಲಕ್ಷಣಗಳೆಂದು ಅನುಭವಿ ತರಬೇತುದಾರರೆಲ್ಲರಿಗೂ ಗೊತ್ತಿರುತ್ತದೆ, ಅಲ್ಲಿದ್ದವರಿಗೂ ಗೊತ್ತಿರಲೇಬೇಕಿತ್ತು.

ಮನೆಗೆ ಬಂದ ಮೇಲೆ ಮೊದಲ ಕೆಲವು ವಾರ ಅದು ಮೂಲೆ ಬಿಟ್ಟು ಕದಲಲಿಲ್ಲ. ಶೆಲ್ಟರಿನಿಂದ ಬಂದ ನಾಯಿಗಳಲ್ಲಿ ಇದು ಸಾಮಾನ್ಯ. ಹೊಸ ಜಾಗ ಸ್ವಲ್ಪ ಪರಿಚಯವಾದ ನಂತರವೇ ಅವುಗಳ ನಿಜವಾದ ಸ್ವಭಾವ, ಅಡಗಿದ್ದ ಭಯ ಎಲ್ಲವೂ ಹೊರಬರುತ್ತವೆ. ಆದ್ದರಿಂದಲೇ ಶೆಲ್ಟರಿನ ಪಂಜರದೊಳಗೆ ಮಾಡಿದ ಒಂದೇ ಪರೀಕ್ಷೆಯನ್ನು ನಂಬಿ ನಾಯಿಯನ್ನು ಆರಿಸುವುದು ಅಪಾಯಕರ. ಬಸ್ಸಿನಲ್ಲಿ ಒಬ್ಬರು ಕೊಡೆ ಮಡಚಿದಾಗ ನಮ್ಮ ನಾಯಿ ಅವರ ಮೇಲೆರಗಿ ತೋಳಿನ ಬಟ್ಟೆ ಹರಿಯಿತು. ಅದಕ್ಕಿಂತ ನೋವಿನ ಸಂಗತಿ ರಾತ್ರಿಯದು. ದುಃಸ್ವಪ್ನ ಬಂದಾಗ ಅವಳನ್ನು ಎಬ್ಬಿಸುವುದೇ ಅದು ಕಲಿತಿದ್ದ ಕೆಲಸವೆಂದು ನಮಗೆ ಹೇಳಲಾಗಿತ್ತು; ಅವಳು ಕಿರುಚಿ ಎದ್ದರೆ ಅದು ಮಂಚದ ಕೆಳಗೆ ನುಸುಳಿ ಅಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತು. ತನ್ನ ಭಯವನ್ನೇ ತಡೆದುಕೊಳ್ಳಲಾಗದ ತಂಗಿ, ನಡುರಾತ್ರಿ ನೆಲದ ಮೇಲೆ ಕುಳಿತು ನಾಯಿಯ ಭಯವನ್ನೂ ಸಂತೈಸಬೇಕಾಯಿತು. ಅವಳ ನಿದ್ದೆ ಇನ್ನಷ್ಟು ಕೆಟ್ಟಿತು, ಹೊರಗೆ ಹೋಗುವುದು ನಿಂತೇ ಹೋಯಿತು.

ಪಶುವೈದ್ಯೆ ಅದರ ಕುತ್ತಿಗೆಯ ಕೂದಲು ಸರಿಸಿ ತೋರಿಸಿದರು: ಗಂಟಲ ಬಳಿ ಅಕ್ಕಪಕ್ಕದಲ್ಲಿ ಎರಡು ದುಂಡನೆಯ, ಕೂದಲಿಲ್ಲದ ಹಳೆಯ ಗಾಯದ ಗುರುತುಗಳು. ಶಾಕ್ ಕಾಲರಿನ, ಅಂದರೆ ರಿಮೋಟ್ ಒತ್ತಿದರೆ ನಾಯಿಗೆ ವಿದ್ಯುತ್ ಆಘಾತ ಕೊಡುವ ಕುತ್ತಿಗೆ ಪಟ್ಟಿಯ, ಲೋಹದ ಮೊನೆಗಳು ಬಹಳ ಹೊತ್ತು ಒತ್ತಿದರೆ ಇಂಥವೇ ಉಳಿಯುತ್ತವೆ ಎಂದರು. ಎಕ್ಸ್‌ರೇ ತೆಗೆದಾಗ ಸೊಂಟದ ಕೀಲು ಸವೆದಿರುವುದೂ ಕಂಡಿತು. ನೋವಿರುವ ನಾಯಿ ಅನಿರೀಕ್ಷಿತ ಚಲನೆಗೆ ಹಲ್ಲು ತೋರಿಸುವುದರಲ್ಲಿ ಆಶ್ಚರ್ಯವೇನಿದೆ?

ಮರಗಟ್ಟಿದ ಆ ಮೌನಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆ ಇದೆ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ ಆಘಾತ ಉಂಡಿದ್ದ ನಾಯಿಗಳಲ್ಲಿ ಹಲವು, ಮುಂದೆ ಒಂದು ಗಿಡ್ಡ ತಡೆಯನ್ನು ಹಾರಿದರೆ ಸಾಕು ಎಂಬಂಥ ಸ್ಥಿತಿಯಲ್ಲೂ ಪ್ರಯತ್ನವನ್ನೇ ಮಾಡದೆ ಆಘಾತವನ್ನು ಸಹಿಸಿಕೊಂಡಿದ್ದವು. ಏನು ಮಾಡಿದರೂ ಶಿಕ್ಷೆ ತಪ್ಪದು ಎಂದು ಕಲಿತ ನಾಯಿ ಮೇಲ್ನೋಟಕ್ಕೆ ಬಹಳ ವಿಧೇಯವಾಗಿ ಕಾಣುತ್ತದೆ. ಆದರೆ ಸೇವಾ ನಾಯಿ ತಾನಾಗಿ ಮುಂದೆ ಬಂದು ಕೆಲಸ ಮಾಡಬೇಕು: ಒಡತಿ ಉಗುರಿನಿಂದ ಚರ್ಮ ಕೆರೆದುಕೊಳ್ಳುತ್ತಿದ್ದರೆ ಮೂಗಿನಿಂದ ಕೈ ತಳ್ಳಬೇಕು, ಉಸಿರು ಏರಿದಾಗ ತೊಡೆಯ ಮೇಲೆ ಭಾರ ಹಾಕಿ ಒರಗಬೇಕು, ಗುಂಪಿನಿಂದ ಬಾಗಿಲಿನತ್ತ ಕರೆದೊಯ್ಯಬೇಕು. ಹೊಡೆತಕ್ಕೆ ಹೆದರಿ ಮಿಸುಕದಿರುವುದನ್ನು ಕಲಿತ ಪ್ರಾಣಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ನಾಯಿಗಳ ತರಬೇತಿಗೆ ಬಹುಮಾನ ಆಧಾರಿತ ವಿಧಾನಗಳನ್ನಷ್ಟೇ ಬಳಸಬೇಕೆಂದು ಅಮೆರಿಕದ ಪಶುವೈದ್ಯರ ಪ್ರಾಣಿ ವರ್ತನಾ ಸಂಘವು 2021ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

ಸಂಸ್ಥೆಯವರು ನಮಗೆ ಚಿನ್ನದ ಅಂಚಿನ ಸರ್ಟಿಫಿಕೇಟನ್ನೂ ನಾಯಿಗೊಂದು ಕೆಂಪು ಕೋಟನ್ನೂ ಕೊಟ್ಟಿದ್ದರು. ಸೇವಾ ನಾಯಿಗಳ ಬಗ್ಗೆ ವಿವರವಾದ ಕಾನೂನು ಇರುವ ಅಮೆರಿಕದಲ್ಲೇ ಇಂಥ ಕಾಗದಕ್ಕೆ ಬೆಲೆ ಇಲ್ಲ. ಅಲ್ಲಿನ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಲ್ಲ. ಆ ವ್ಯಕ್ತಿಯ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸವನ್ನು ನಾಯಿ ಕಲಿತಿದೆಯೇ ಎಂಬುದೇ ಮುಖ್ಯ, ಜೊತೆಗಿದ್ದು ಸಮಾಧಾನ ಕೊಡುವುದಷ್ಟೇ ಸಾಲದು. ಆಸ್ಪತ್ರೆ, ಶಾಲೆಗಳಿಗೆ ತನ್ನ ಒಡೆಯನೊಂದಿಗೆ ಹೋಗಿ ಇತರರಿಗೆ ಸಾಂತ್ವನ ನೀಡುವ ಥೆರಪಿ ನಾಯಿಯದು ಬೇರೆಯೇ ಕೆಲಸ, ಅದಕ್ಕೆ ಸೇವಾ ನಾಯಿಯಂತೆ ಎಲ್ಲೆಡೆ ಪ್ರವೇಶದ ಹಕ್ಕೂ ಇಲ್ಲ. ಇವೆರಡನ್ನೂ ಒಂದೇ ಎಂಬಂತೆ ಮಾತನಾಡುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಕೋಟು, ಕಾಗದ ನೋಡುವ ಬದಲು ಕೆಲಸ ನೋಡಿ. ಅಪರಿಚಿತ ಜಾಗದಲ್ಲಿ, ತರಬೇತುದಾರರ ಕೈಯಲ್ಲಿ ರಿಮೋಟ್ ಇಲ್ಲದೆ, ನಾಯಿ ಆ ಕೆಲಸವನ್ನು ಬಾಲ ಸಡಿಲ ಬಿಟ್ಟು, ಬಹುಮಾನ ತಿನ್ನುತ್ತಾ ಮಾಡಬೇಕು. ಸೊಂಟದ ಎಕ್ಸ್‌ರೇ ಕೇಳಿ. ಒಂದು ಸೇವಾ ನಾಯಿ ಪೂರ್ತಿ ತಯಾರಾಗಲು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಬೇಕು. ಮರಿಗಳು ಜಗತ್ತಿಗೆ ಒಗ್ಗಿಕೊಳ್ಳುವ ಮುಖ್ಯ ಕಾಲ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಇರುವುದರಿಂದ, ಆ ದಿನಗಳ ಚರಿತ್ರೆಯೇ ಗೊತ್ತಿಲ್ಲದ ನಾಯಿಗೆ ಇನ್ನೂ ತಾಳ್ಮೆ ಬೇಕಾದೀತು. ಆಯ್ಕೆಯಾದವುಗಳಲ್ಲಿ ಎಷ್ಟು ನಾಯಿಗಳನ್ನು ಕೈಬಿಟ್ಟಿರಿ, ಅವು ಈಗ ಎಲ್ಲಿವೆ ಎಂದು ಕೇಳಿ. ಆಯ್ದು ತಳಿ ಬೆಳೆಸುವ ದೊಡ್ಡ ಸಂಸ್ಥೆಗಳಲ್ಲೇ ಅನೇಕ ನಾಯಿಗಳು ನಡುವೆಯೇ ಹೊರಬೀಳುತ್ತವೆ. ನಮ್ಮಲ್ಲಿ ಒಂದೂ ಸೋತಿಲ್ಲ ಎನ್ನುವವರು ಸತ್ಯ ಹೇಳುತ್ತಿಲ್ಲ.

ನಾವು ದೂರು ಹೇಳಿದಾಗ ಸಂಸ್ಥೆಯವರು ಹಣ ವಾಪಸು ಕೊಡಲು ಒಪ್ಪದೆ, ಇದನ್ನು ತಂದುಬಿಟ್ಟು ನಾಳೆಯೇ ಬೇರೆ ನಾಯಿ ಒಯ್ಯಿರಿ ಎಂದರು. ಇದೇ ನಾಯಿ, ಇದೇ ಕೋಟಿನಲ್ಲಿ, ಇನ್ನೊಬ್ಬ ರೋಗಿಯ ಮನೆಗೆ ಹೋಗುವುದು ನಿಶ್ಚಿತವಿದ್ದುದರಿಂದ ನಾವು ಕೊಡಲಿಲ್ಲ. ನೀವು ಯಾವ ಸಂಸ್ಥೆಗೇ ಹೋಗಿ, ಹಿಂದಿರುಗಿದ ನಾಯಿಯನ್ನು ಏನು ಮಾಡುತ್ತಾರೆ, ಮುಂದೆ ಅದನ್ನು ಪಡೆಯುವವರಿಗೆ ಅದರ ಹಳೆಯ ವರ್ತನೆಯ ದಾಖಲೆ ಕೊಡುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.