ಮನೆಯಲ್ಲಿ ಗಿಟಾರ್ ತಯಾರಿಸುವವರೇ, ಬೀಟೆ ಮರದ ಧೂಳಿನ ಬಗ್ಗೆ ಎಚ್ಚರ

ಹಿತ್ತಲಿನ ಕೋಣೆಯಲ್ಲೋ ಮಹಡಿಯ ಮೇಲಿನ ಶೀಟಿನ ಮನೆಯಲ್ಲೋ ಅಕೌಸ್ಟಿಕ್ ಗಿಟಾರ್ ತಯಾರಿಸುತ್ತಿರುವವರು, ಅದರಲ್ಲೂ ಹಿಂಬದಿಯ ಹಲಗೆಗೆ ಮತ್ತು ಪಕ್ಕೆಗಳಿಗೆ ಬೀಟೆ (ರೋಸ್‌ವುಡ್) ಮರವನ್ನು ಬಳಸುವವರು, ಮುಂದಿನ ಸಲ ಮರ ಉಜ್ಜುವ ಸ್ಯಾಂಡರ್ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಬೀಟೆಯ ನುಣ್ಣನೆಯ ಧೂಳಿನಿಂದ ನನಗೆ ಅಂಟಿಕೊಂಡಿರುವ ಅಲರ್ಜಿ ಔಷಧಿಯಿಂದ ಹೋಗುವಂಥದ್ದಲ್ಲ. ನಾನು ಇನ್ನು ಮುಂದೆ ಆ ಮರವನ್ನು ಮುಟ್ಟುವ ಹಾಗಿಲ್ಲ. ಈ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಇದು ತಪ್ಪುತ್ತಿತ್ತು ಎಂಬ ಕಾರಣಕ್ಕಾಗಿಯೇ ಬರೆಯುತ್ತಿದ್ದೇನೆ.

ನಾನಿರುವುದು ಬಂಗಾರಪೇಟೆಯಲ್ಲಿ. ಮನೆಯ ಹಿಂದಿನ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯೇ ನನ್ನ ಕಾರ್ಯಾಗಾರ. ಪಕ್ಕದ ಕೆ.ಜಿ.ಎಫ್‌ನಲ್ಲಿ ಚರ್ಚಿನ ಗಾಯನವೃಂದಗಳು ಹಿಂದಿನಿಂದಲೂ ಇರುವುದರಿಂದ ಗಿಟಾರ್ ದುರಸ್ತಿಗೆ ಬರುವವರಿಗೆ ಕೊರತೆಯಿಲ್ಲ, ಅವರಲ್ಲಿ ಕೆಲವರು ಹೊಸದನ್ನು ಮಾಡಿಕೊಡಿ ಎಂದು ಕೇಳಿದ್ದರಿಂದ ಕೆಲಸ ಬೆಳೆಯಿತು. ಕೇಳುವವರೆಲ್ಲರೂ ಬಯಸುತ್ತಿದ್ದುದು ಬೀಟೆಯನ್ನೇ, ಮತ್ತು ಅವರ ಬಯಕೆಯಲ್ಲಿ ತಪ್ಪೇನೂ ಇಲ್ಲ. ದಕ್ಷಿಣ ಭಾರತದ ಈ ಮರವನ್ನು ಜಗತ್ತಿನ ದೊಡ್ಡ ಗಿಟಾರ್ ಕಂಪನಿಗಳು ದಶಕಗಳಿಂದ ತರಿಸಿಕೊಳ್ಳುತ್ತಿವೆ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ನಮ್ಮ ಬೀಟೆಯ ಕಡೆಗೆ ತಿರುಗಿತು. ಅದರ ನಾದವೂ ಬಣ್ಣವೂ ಅಷ್ಟು ಸೊಗಸು. ಕೊಯ್ದಾಗ ಬರುವ ಸಿಹಿಯಾದ ಪರಿಮಳವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ.

ತೊಂದರೆ ಶುರುವಾದದ್ದು ಬೆರಳುಗಳ ಸಂದಿಯಲ್ಲಿ. ಮೊದಲು ನವೆ, ಆಮೇಲೆ ಸಣ್ಣ ಗುಳ್ಳೆಗಳು, ಅವು ಒಡೆದು ಒಣಗಿದ ಮೇಲೆ ಸಿಪ್ಪೆಯೇಳುವ ಚರ್ಮ. ಊರಿನಲ್ಲಿ ತೋರಿಸಿದಾಗ ಕಜ್ಜಿ ಇರಬಹುದೆಂದು ಮುಲಾಮು ಬರೆದುಕೊಟ್ಟರು, ಮನೆಮಂದಿಯೆಲ್ಲ ಹಚ್ಚಿಕೊಂಡೆವು. ಸ್ವಲ್ಪ ಕಡಿಮೆಯಾಗಿ ಮತ್ತೆ ಬಂತು. ನಂತರ ಕಾಲರ್ ತಾಗುವ ಕುತ್ತಿಗೆಯ ಭಾಗ, ಮೊಣಕೈ ಮಡಿಕೆ, ಹೀಗೆ ಬೆವರು ನಿಲ್ಲುವ ಜಾಗಗಳಲ್ಲೆಲ್ಲ ಕೆಂಪಗಾಗತೊಡಗಿತು, ಕೊನೆಗೆ ಒಂದು ಬೆಳಿಗ್ಗೆ ಎದ್ದಾಗ ಕಣ್ಣರೆಪ್ಪೆಗಳು ಊದಿಕೊಂಡು ಕಣ್ಣು ಬಿಡುವುದೇ ಕಷ್ಟವಾಯಿತು. ಬದನೆಕಾಯಿ ಬಿಡಿ, ಮೀನು ಬಿಡಿ, ಸೋಪು ಬದಲಾಯಿಸಿ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬರದಿದ್ದುದಕ್ಕೆ ಕಾರಣವೂ ಇದೆ: ಈ ಬಗೆಯ ಅಲರ್ಜಿ ಧೂಳು ತಾಗಿದ ಕೂಡಲೇ ಕಾಣಿಸಿಕೊಳ್ಳುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ. ಭಾನುವಾರ ಬೀಟೆ ಉಜ್ಜಿದವನಿಗೆ ಮಂಗಳವಾರ ಕೈ ಕೆರೆದರೆ ಅವನು ಮಂಗಳವಾರ ತಿಂದದ್ದನ್ನು ನೆನಪಿಸಿಕೊಳ್ಳುತ್ತಾನೆಯೇ ಹೊರತು ಭಾನುವಾರದ ಕೆಲಸವನ್ನಲ್ಲ.

ಕಾರಣ ಹೊಳೆದದ್ದು ನನಗಲ್ಲ, ನನ್ನ ಹೆಂಡತಿಗೆ. ನನ್ನ ಕೆಲಸದ ಬಟ್ಟೆಗಳನ್ನು ಅವಳು ಬಚ್ಚಲಿನ ಕಲ್ಲಿನ ಮೇಲೆ ಕೈಯಲ್ಲೇ ಒಗೆಯುತ್ತಿದ್ದಳು. ಅವಳ ಮುಂಗೈಗಳಲ್ಲೂ ಅದೇ ಗುಳ್ಳೆಗಳು ಎದ್ದಾಗ ಬಕೆಟ್ಟನ್ನು ತಂದು ನನ್ನ ಮುಂದಿಟ್ಟು, "ರೀ, ನಿಮ್ಮ ಶರ್ಟು ನೆನೆಸಿದ ನೀರು ನೋಡಿ, ಮರದ ಬಣ್ಣಾನೇ ಬಿಟ್ಟಿದೆ. ಇದರಲ್ಲೇ ನಾನು ದಿನಾ ಕೈ ಅದ್ದೋದು," ಎಂದಳು. ನೀರು ಕಂದು ನೇರಳೆ ಬಣ್ಣಕ್ಕೆ ತಿರುಗಿತ್ತು. ಪಕ್ಕೆಗಳನ್ನು ಬಗ್ಗಿಸಲು ಬೀಟೆಯ ಪಟ್ಟಿಯನ್ನು ನೆನೆಹಾಕಿದಾಗ ತೊಟ್ಟಿಯಲ್ಲಿ ಉಳಿಯುವ ನೀರಿನದೂ ಅದೇ ಬಣ್ಣ. ಆಮೇಲೆ ಬೆಂಗಳೂರಿನ ಚರ್ಮರೋಗ ತಜ್ಞರೊಬ್ಬರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿದೆವು. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ನಲವತ್ತೆಂಟು ಗಂಟೆ ಹಾಗೇ ಬಿಟ್ಟು, ತೆಗೆದ ಮೇಲೆ ಮತ್ತೆ ಒಂದೆರಡು ದಿನ ಕಾದು ನೋಡುವ ಪರೀಕ್ಷೆ ಅದು. ಬೀಟೆಯ ಜಾಗ ಕೆಂಪಗೆ ಊದಿಕೊಂಡಿತ್ತು.

ವೈದ್ಯರು ವಿವರಿಸಿದ್ದನ್ನು ತಿಳಿದ ಮಟ್ಟಿಗೆ ಹೇಳುತ್ತೇನೆ. ಬೀಟೆಯೂ ಅದರ ಬಳಗಕ್ಕೆ ಸೇರಿದ ಡಾಲ್ಬರ್ಜಿಯಾ ಜಾತಿಯ ಇತರ ಮರಗಳೂ ಹುಳು, ಶಿಲೀಂಧ್ರಗಳಿಂದ ತಮ್ಮ ತಿರುಳನ್ನು ಕಾಪಾಡಿಕೊಳ್ಳಲು ಡಾಲ್ಬರ್ಜಿಯೋನ್ ಎಂಬ ಕ್ವಿನೋನ್ ವರ್ಗದ ರಾಸಾಯನಿಕಗಳನ್ನು ತುಂಬಿಕೊಂಡಿರುತ್ತವೆ. ಮರ ಬಾಳಿಕೆ ಬರಲು ನೆರವಾಗುವ ಆ ವಸ್ತುವೇ ನಮ್ಮ ಚರ್ಮದ ಪ್ರೋಟೀನುಗಳಿಗೆ ಅಂಟಿಕೊಂಡಾಗ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಗುರುತಿಟ್ಟುಕೊಳ್ಳುವವರೆಗೆ, ಅಂದರೆ ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ, ಏನೂ ಆಗುವುದಿಲ್ಲ. ಒಮ್ಮೆ ಗುರುತಿಟ್ಟ ಮೇಲೆ ಚಿಟಿಕೆಯಷ್ಟು ಧೂಳು ಸಾಕು. "ಇಷ್ಟು ವರ್ಷ ಉಜ್ಜಿದ್ದೇನೆ, ನನಗೇನೂ ಆಗಿಲ್ಲ" ಎನ್ನುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ, ಏಕೆಂದರೆ ನಾನೂ ಹಾಗೆಯೇ ಹೇಳುತ್ತಿದ್ದ ಕಾಲವೊಂದಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದು ನಿಜ, ಆದರೆ ಯಾರಿಗೆ ಆಗುತ್ತದೆಂದು ಮುಂಚಿತವಾಗಿ ತಿಳಿಯುವ ದಾರಿಯೂ ಇಲ್ಲ.

ಗಿಟಾರ್ ಕೆಲಸದಲ್ಲಿ ಧೂಳು ಎಷ್ಟೇಳುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಗರಗಸದಿಂದ ಬಂದ ಹಲಗೆ ಸುಮಾರು 4 ಮಿಲಿಮೀಟರ್ ದಪ್ಪ ಇರುತ್ತದೆ, ಅದನ್ನು ಎರಡೂವರೆ ಮಿಲಿಮೀಟರಿಗೆ ಇಳಿಸಬೇಕು. ಹಿಂಬದಿಯ ಎರಡು ಹಲಗೆ, ಎರಡು ಪಕ್ಕೆ ಸೇರಿದರೆ ಹೀಗೆ ತೆಗೆಯುವ ಬೀಟೆ ಹತ್ತಿರ ಹತ್ತಿರ ಅರ್ಧ ಕಿಲೋ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆಯು ಕೆಲಸದ ಜಾಗದ ಗಾಳಿಯಲ್ಲಿ ಘನ ಮೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಮರದ ಧೂಳು ಇರಬಾರದೆಂದು ಶಿಫಾರಸು ಮಾಡುತ್ತದೆ. ನನ್ನ ಕೋಣೆಯಂಥ ಜಾಗದಲ್ಲಿ ಹತ್ತಡಿ ಎತ್ತರಕ್ಕೆ ಇರುವ ಗಾಳಿ ಸುಮಾರು 34 ಘನ ಮೀಟರ್. ಅಂದರೆ 34 ಮಿಲಿಗ್ರಾಂ ಧೂಳು ಗಾಳಿಯಲ್ಲಿ ತೇಲಿದರೆ ಮಿತಿ ಮುಗಿಯಿತು, ನಾವು ಎಬ್ಬಿಸುತ್ತಿರುವುದು ಅರ್ಧ ಕಿಲೋ. ದಪ್ಪ ಹೊಟ್ಟು ನೆಲಕ್ಕೆ ಬೀಳುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಯಂತ್ರ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ತೇಲುತ್ತಿರುತ್ತವೆ, ಕೆಲಸ ಮುಗಿಯಿತೆಂದು ಮಾಸ್ಕ್ ತೆಗೆದು ಚಹಾ ಕುಡಿಯುವ ಹೊತ್ತಿಗೆ ನಮ್ಮ ಮೂಗಿಗೆ ಸೇರುವುದು ಅವೇ. ಹಲಗೆಯನ್ನು ತೆಳುವಾಗಿಸುವ ಹಂತವಷ್ಟೇ ಅಲ್ಲ, ಬೈಂಡಿಂಗ್ (ಅಂಚಿನ ಪಟ್ಟಿ) ಕೂರಿಸಲು ಅಂಚಿಗೆ ತೋಡು ಕೊರೆಯುವ ರೌಟರ್ ಓಡಿಸುವಾಗ, ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ರೂಪಿಸುವಾಗ, ಸಣ್ಣ ಸಂದುಗಳಿಗೆ ಬೀಟೆಯದೇ ಧೂಳನ್ನು ಅಂಟಿನೊಂದಿಗೆ ಕಲಸಿ ತುಂಬುವಾಗ ಕೂಡ ಮುಖ ಕೆಲಸಕ್ಕೆ ಬಹಳ ಹತ್ತಿರವಿರುತ್ತದೆ.

ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಇಲ್ಲಿನ ಚಿನ್ನದ ಗಣಿಗಳಿಂದ, 1947ರಲ್ಲಿ. 2001ರಲ್ಲಿ ಗಣಿ ಮುಚ್ಚಿದರೂ ಕೆಮ್ಮುತ್ತಾ ಮೂಲೆ ಹಿಡಿದ ಹಿರಿಯರನ್ನು ಕಂಡ ಮನೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಮರದ ಧೂಳಿನಿಂದ ಬರುವುದು ಆ ಕಾಯಿಲೆಯಲ್ಲ, ಎರಡನ್ನೂ ಬೆರೆಸಬಾರದು. ಆದರೆ ಕಲ್ಲಿನ ಧೂಳಿಗೆ ಹೆದರುವ ನಾವೇ ಮರದ ಧೂಳನ್ನು ನಿರುಪದ್ರವಿ ಎಂದು ತಿಳಿದಿರುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರಿನ ಕಾರಣಕ್ಕಾಗಿ.

ನನಗೆ ಇಂದಿಗೂ ಸಿಟ್ಟು ಬರುವುದು ಒಂದು ವಿಷಯಕ್ಕೆ. ನಾನು ಶುಲ್ಕ ಕೊಟ್ಟು ಸೇರಿದ್ದ ಗಿಟಾರ್ ತಯಾರಿಕೆಯ ತರಬೇತಿಯಲ್ಲಿ ಅಂಟು, ಬ್ರೇಸಿಂಗ್, ಫ್ರೆಟ್ ಎಲ್ಲವನ್ನೂ ಶ್ರದ್ಧೆಯಿಂದ ಕಲಿಸಿದರು. ಮುಚ್ಚಿದ ಕೋಣೆಯಲ್ಲಿ ಹಲವರು ಒಟ್ಟಿಗೆ ಬೀಟೆ ಉಜ್ಜುತ್ತಿದ್ದೆವು, ಮೇಲೆ ಫ್ಯಾನು ತಿರುಗುತ್ತಿತ್ತು. ಮಾಸ್ಕ್ ಬೇಕೇ ಎಂದು ಒಬ್ಬ ಹುಡುಗ ಕೇಳಿದಾಗ ಸಿಕ್ಕ ಉತ್ತರ, "ಇದು ಕೆಮಿಕಲ್ ಅಲ್ಲಪ್ಪ, ನ್ಯಾಚುರಲ್ ಮರ." ಮರ ಮಾರಿದವರು ಹೇಳಿದ್ದೂ ಅದನ್ನೇ. ಹಣ ತೆಗೆದುಕೊಂಡು ಕಲಿಸುವವರು ಮೊದಲ ದಿನವೇ ಹೇಳಬೇಕಾದ ಮಾತನ್ನು ಹೇಳದೆ ಬಿಟ್ಟದ್ದು ಸಣ್ಣ ವಿಷಯವಲ್ಲ. ನೀವು ಇಂಥ ತರಬೇತಿಗೆ ಸೇರುವುದಾದರೆ ಧೂಳು ಎಳೆಯುವ ಯಂತ್ರ ಇದೆಯೇ ಎಂದು ಮೊದಲು ಕೇಳಿ, ಇಲ್ಲವೆಂದರೆ ಹಣ ಕಟ್ಟಬೇಡಿ.

ಬೀಟೆ ಬೇಡ, ಬೇರೆ ಮರ ಬಳಸುತ್ತೇನೆ ಎನ್ನುವವರಿಗೂ ಒಂದು ಮಾತು. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಾಗ ಅನೇಕ ತಯಾರಕರು ಫ್ರೆಟ್‌ಬೋರ್ಡಿಗೆ (ಬೆರಳೊತ್ತುವ ಹಲಗೆಗೆ) ಪಾವ್ ಫೆರೋ ಎಂಬ ದಕ್ಷಿಣ ಅಮೆರಿಕದ ಮರವನ್ನು ಹಿಡಿದರು. ಅಲರ್ಜಿಯ ವಿಷಯದಲ್ಲಿ ಅದು ಬೀಟೆಗಿಂತ ಒಳ್ಳೆಯದಲ್ಲ. ಕ್ಲಾಸಿಕಲ್ ಗಿಟಾರಿನ ಮೇಲ್ಹಲಗೆಗೆ ಬಳಸುವ ವೆಸ್ಟರ್ನ್ ರೆಡ್ ಸೀಡರ್‌ನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಆಸ್ತಮಾ ತರುವುದಕ್ಕೆ ಹೆಸರಾಗಿದೆ. ತೇಗದಿಂದಲೂ ಚರ್ಮದ ಅಲರ್ಜಿ ಆದವರಿದ್ದಾರೆ. ಈಗ ನಾನು ವೀಣೆಗೆ ಬಳಸುವ ಹಲಸನ್ನೇ ಹಿಂಬದಿಗೆ ಹಾಕುತ್ತಿದ್ದೇನೆ, ಅದನ್ನೂ ಮಾಸ್ಕ್ ಇಲ್ಲದೆ ಉಜ್ಜುವುದಿಲ್ಲ. ನುಡಿಸುವವರು ಗಾಬರಿಯಾಗಬೇಕಾಗಿಲ್ಲ. ಪಾಲಿಷ್ ಆದ ಗಿಟಾರಿನ ಬೀಟೆ ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ, ಈಗಾಗಲೇ ಅಲರ್ಜಿ ಇರುವವರು ಮಾತ್ರ ಪಾಲಿಷ್ ಇಲ್ಲದ ಫ್ರೆಟ್‌ಬೋರ್ಡಿನ ಬಗ್ಗೆ ಜಾಗ್ರತೆ ವಹಿಸಬೇಕು.

ಮಾಡಬೇಕಾದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಧೂಳನ್ನೇ ಕಡಿಮೆ ಎಬ್ಬಿಸುವುದು. ಚೆನ್ನಾಗಿ ಮಸೆದ ಕೀಸುಳಿ ಮತ್ತು ಉಕ್ಕಿನ ಸ್ಕ್ರೇಪರ್ ಮರವನ್ನು ಸುರುಳಿ ಸುರುಳಿಯಾಗಿ ಎಬ್ಬಿಸುತ್ತವೆ, ಆ ಸುರುಳಿ ಮೂಗಿಗೆ ಹೋಗುವುದಿಲ್ಲ. ಅಂಚು ಸರಿಯಾಗಿ ಹಿಡಿದ ಸ್ಕ್ರೇಪರಿನಿಂದ ಬೀಟೆಯ ಮೇಲೆ ಬರುವ ನುಣುಪು ಉಪ್ಪುಕಾಗದದ ನುಣುಪಿಗಿಂತ ಚೆನ್ನಾಗಿಯೇ ಇರುತ್ತದೆ. ಉಪ್ಪುಕಾಗದವನ್ನು ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ. ಸ್ಯಾಂಡರ್ ಬಳಸಲೇಬೇಕಾದರೆ ಅದಕ್ಕೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮನ್ನು ಜೋಡಿಸಿ, ಏಕೆಂದರೆ ಮಾಮೂಲಿ ಬಟ್ಟೆಯ ಚೀಲದ ವ್ಯಾಕ್ಯೂಮ್ ಸಣ್ಣ ಕಣಗಳನ್ನು ಇನ್ನೊಂದು ತುದಿಯಿಂದ ಕೋಣೆಗೇ ಊದುತ್ತದೆ. ಮುಖಕ್ಕೆ ಕಟ್ಟುವ ಕರವಸ್ತ್ರವಾಗಲಿ ಬಟ್ಟೆಯ ಮಾಸ್ಕ್ ಆಗಲಿ ಸಾಲದು, ಕನಿಷ್ಠ ಎನ್-95 ಬೇಕು, ಅದೂ ಕೆನ್ನೆಗೆ ಒತ್ತಿಕೊಂಡು ಕೂರಬೇಕು. ಗಡ್ಡ ಇದ್ದರೆ ಸಂದಿನಲ್ಲಿ ಧೂಳು ನುಗ್ಗುತ್ತದೆ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಕೋಣೆಯಲ್ಲೇ ಉಳಿಯಲಿ, ಮನೆಯವರ ಬಟ್ಟೆಯ ಜೊತೆ ಸೇರದಿರಲಿ, ಒಗೆಯುವವರು ಯಾರೇ ಆದರೂ ಕೈಗವಸು ಹಾಕಿಕೊಳ್ಳಲಿ. ಮಕ್ಕಳು ಮಲಗುವ ಕೋಣೆಗೆ ಅಂಟಿಕೊಂಡ ಜಾಗದಲ್ಲಿ ಕಾರ್ಯಾಗಾರ ಮಾಡಲೇಬೇಡಿ. ಎರಡು ಡಬ್ಬಿಯನ್ನು ಬೆರೆಸಿ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಪಾಲಿಷ್‌ನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಕೂಡ ಇದೇ ರೀತಿ ಉಸಿರಿನ ಅಲರ್ಜಿಯನ್ನು ತರುವಂಥದ್ದು, ಅದನ್ನು ಮನೆಯಲ್ಲಿ ಸ್ಪ್ರೇ ಮಾಡುವ ಬದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಫ್ರೆಂಚ್ ಪಾಲಿಷ್ ಹಚ್ಚುವುದು ಎಷ್ಟೋ ವಾಸಿ. ಅದನ್ನು ಹಚ್ಚುವಾಗಲೂ ಹತ್ತಿರ ದೀಪ, ಒಲೆ ಉರಿಯುತ್ತಿರಬಾರದು.

ಈಗಾಗಲೇ ಬೆರಳ ಸಂದಿಯಲ್ಲಿ ನವೆ, ಕಣ್ಣರೆಪ್ಪೆಯಲ್ಲಿ ಊತ, ಕೆಲಸ ಮಾಡಿದ ರಾತ್ರಿ ಮೂಗು ಕಟ್ಟುವುದು ಅಥವಾ ಎದೆಯಲ್ಲಿ ಸುಯ್ಯೆನ್ನುವ ಸದ್ದು ಇರುವವರು ಬೀಟೆಯ ಕೆಲಸವನ್ನು ಇಂದೇ ನಿಲ್ಲಿಸಿ, ಚರ್ಮರೋಗ ತಜ್ಞರನ್ನು ಕಾಣಿರಿ, ಉಸಿರಿನ ತೊಂದರೆಯಿದ್ದರೆ ಶ್ವಾಸಕೋಶ ತಜ್ಞರನ್ನೂ ಕಾಣಿರಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಿತ ಕ್ರೀಮನ್ನು ಹಚ್ಚಿಕೊಂಡು ಕೆಲಸ ಮುಂದುವರಿಸಬೇಡಿ, ಅದು ಗುಳ್ಳೆಯನ್ನು ಮರೆಮಾಡುತ್ತದೆ, ಅಲರ್ಜಿ ಒಳಗೇ ಗಟ್ಟಿಯಾಗುತ್ತದೆ. ವೈದ್ಯರ ಬಳಿ ಹೋಗುವಾಗ ನೀವು ಬಳಸಿದ ಪ್ರತಿಯೊಂದು ಮರದ, ಅಂಟಿನ, ಪಾಲಿಷ್‌ನ ಹೆಸರನ್ನು ಬರೆದುಕೊಂಡು ಹೋಗಿ, ಒಂದೊಂದು ಮರದ ಧೂಳನ್ನು ಬೇರೆ ಬೇರೆ ಜಿಪ್ ಕವರಿನಲ್ಲಿ ಹಾಕಿ ಹೆಸರು ಬರೆದು ಕೊಡಿ. ಆಗುತ್ತದೋ ಇಲ್ಲವೋ ನೋಡೋಣವೆಂದು ಆ ಧೂಳನ್ನು ನೀವೇ ಕೈಗೆ ಉಜ್ಜಿಕೊಳ್ಳಬೇಡಿ, ಇಲ್ಲದ ಅಲರ್ಜಿಯೂ ಅದರಿಂದಲೇ ಹತ್ತಿಕೊಳ್ಳಬಹುದು.