ಸೇಂಟ್ ಜಸ್ಟ್‌ನಲ್ಲಿ ಅರ್ಧ ದಿನ: ಜೀವರಾ, ಬೊಟಾಲಕ್ಕಾ?

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಈ ತವರದ (ಟಿನ್ ಲೋಹದ) ಊರಿನ ಹತ್ತಿರದಲ್ಲೇ ಜೀವರ್, ಬೊಟಾಲಕ್ ಎರಡೂ ಗಣಿ ಇವೆ, ಆದರೆ ಅನುಭವ ಬೇರೆ ಬೇರೆ.

ಖರ್ಚಿನ ಲೆಕ್ಕದಲ್ಲಿ ಬೊಟಾಲಕ್ ಹಗುರ. ಕಡಲಂಚಿನ ಕಾಲುದಾರಿಯಿಂದ ನೋಡೋಕೆ ಟಿಕೆಟ್ ಬೇಡ. ಅಲೆ ಬಡಿಯುವ ಬಂಡೆಗಳ ಮೇಲೆ ಎರಡು ಕಲ್ಲಿನ ಎಂಜಿನ್ ಮನೆಗಳು (ಗಣಿಯ ಉಗಿ ಯಂತ್ರಗಳಿದ್ದ ಕಟ್ಟಡಗಳು) ನಿಂತಿವೆ. ಸುರಂಗಗಳು ಸಮುದ್ರದ ತಳದಡಿ ಹೋಗಿದ್ದವು! ಫೋಟೋ, ನಡಿಗೆ ಇಷ್ಟವಿದ್ದರೆ ಇದೇ ಸರಿ. ಗಾಳಿ ಮಾತ್ರ ಜಾಸ್ತಿ, ಪುಟ್ಟ ಮಕ್ಕಳ ಕೈ ಬಿಡಬೇಡಿ.

ಜೀವರ್‌ಗೆ ಟಿಕೆಟ್ ಇದೆ. ಮಳೆ ಬಂದರೂ ದಿನ ಹಾಳಾಗಲ್ಲ. 1990ರಲ್ಲಿ ಮುಚ್ಚಿದ ಗಣಿ ಈಗ ಮ್ಯೂಸಿಯಂ. ಕಾರ್ಮಿಕರು ಬಟ್ಟೆ ಬದಲಿಸುತ್ತಿದ್ದ ಕೋಣೆಯಲ್ಲಿ ಲಾಕರ್‌ಗಳು ಹಾಗೇ ಇವೆ. ನನ್ನ ಮನಸ್ಸಿಗೆ ತುಂಬಾ ತಟ್ಟೋದು ಅದೇ. ಹೆಲ್ಮೆಟ್ ಹಾಕಿ ಹಳೆಯ ಸುರಂಗಕ್ಕೂ ಇಳಿಯಬಹುದು. ಇಕ್ಕಟ್ಟು ಜಾಗಕ್ಕೆ ಹೆದರುವವರಿಗೆ, ಬಗ್ಗಲು ಕಷ್ಟವಿರುವವರಿಗೆ ಅದು ಬೇಡ.