ಕಬ್ಬಿನ ಸೀಮೆಗೆ ಹೋದ ಮುತ್ತಾತನನ್ನು ಹುಡುಕಲು ಹೋಗಿ ನಾವು ಮೋಸ ಹೋದೆವು

ನಿಮ್ಮ ಮನೆಯಿಂದಲೂ ಬ್ರಿಟಿಷರ ಕಾಲದಲ್ಲಿ ಯಾರಾದರೂ ಹಡಗು ಹತ್ತಿ ಹೋಗಿ ತಿರುಗಿ ಬರಲಿಲ್ಲವಾ? ಅವರ ಜಾಡು ಹಿಡಿದುಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳುತ್ತಿದ್ದಾರಾ? ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಮ್ಮದು 45,000 ರೂಪಾಯಿ ಹೋಯಿತು. ದುಡ್ಡು ಹೋದರೆ ಹೋಗಲಿ. 88 ವರ್ಷದ ನಮ್ಮ ದೊಡ್ಡಪ್ಪ, ಯಾರದೋ ಮನೆಯ ಹಿರಿಯರ ಫೋಟೊಗೆ ಒಂದೂವರೆ ವರ್ಷ ಹೂವು ಹಾಕಿ ಕೈಮುಗಿದರು. ಅದು ಮಾತ್ರ ನನಗೆ ಇವತ್ತಿಗೂ ತಡೆಯಲು ಆಗುತ್ತಿಲ್ಲ.

ನಮ್ಮ ಮುತ್ತಾತನ ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಮುನಿಯಪ್ಪ ಅಂತಲೇ ಇಟ್ಟುಕೊಳ್ಳಿ. ಕೋಲಾರದ ಕಡೆಯವರು. ಮನೆಯಲ್ಲಿ ಹೇಳಿಕೊಂಡು ಬಂದದ್ದು ಇಷ್ಟೇ: ಮಳೆ ಕೈಕೊಟ್ಟಿತ್ತು, ಮಗ ಆಗಷ್ಟೇ ಹೆಜ್ಜೆ ಇಡುತ್ತಿದ್ದ, ಮದ್ರಾಸಿಗೆ ಕೂಲಿಗೆ ಅಂತ ಹೋದವರು ಅಲ್ಲಿಂದ ‘ಕಬ್ಬಿನ ಸೀಮೆ’ಗೆ ಹೋದರು. ಒಂದೇ ಒಂದು ಕಾಗದ ಬಂತು. ಆಮೇಲೆ ಸುದ್ದಿಯೇ ಇಲ್ಲ. ಮುತ್ತಜ್ಜಿ ಸಾಯುವವರೆಗೂ ಕುಂಕುಮ ಇಟ್ಟುಕೊಂಡೇ ಇದ್ದರಂತೆ. ಹೆಜ್ಜೆ ಇಡುತ್ತಿದ್ದ ಆ ಮಗನೇ ನಮ್ಮ ತಾತ. ಶಾಲೆಯ ದಾಖಲೆಯಲ್ಲಿ ಅವರು ಹುಟ್ಟಿದ್ದು 1898.

ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಹೆಳವರು ಬರುತ್ತಾರೆ. ತಲೆತಲಾಂತರದ ವಂಶಾವಳಿಯನ್ನು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಆ ಪುಣ್ಯ ನಮಗಿರಲಿಲ್ಲ. ನಮಗಿದ್ದದ್ದು ಒಂದು ತಗಡಿನ ಟ್ರಂಕು, ಮತ್ತು ‘ಕಬ್ಬಿನ ಸೀಮೆ’ ಅನ್ನುವ ಒಂದು ಮಾತು.

ಆದರೆ ಕಬ್ಬಿನ ಸೀಮೆ ಅಂದರೆ ಯಾವ ದೇಶ? ತೊಡಕು ಇರುವುದೇ ಇಲ್ಲಿ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ನಮ್ಮವರನ್ನು ಸಾಗಿಸಿದರು. ‘ಅಗ್ರಿಮೆಂಟ್’ ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗಿ ‘ಗಿರ್ಮಿಟ್’ ಆಯಿತು. ಮಾರಿಷಸ್‌ಗೆ 1834ರಿಂದಲೇ ಹೋದರು. ದಕ್ಷಿಣ ಆಫ್ರಿಕಾದ ನಟಾಲ್‌ಗೆ ಮೊದಲ ಹಡಗು ‘ಟ್ರೂರೊ’ ಮದ್ರಾಸಿನಿಂದಲೇ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಫಿಜಿಗೆ 1879ರಿಂದ ಶುರುವಾದರೂ ಮದ್ರಾಸಿನಿಂದ ಹಡಗು ಹೊರಟದ್ದು 1903ರಿಂದ. ಎಲ್ಲ ಕಡೆಯೂ ಕಬ್ಬೇ. ಹಾಗಾಗಿ ‘ಕಬ್ಬಿನ ಸೀಮೆ’ ಅಂದರೆ ಇಂಥ ದೇಶವೇ ಅಂತ ಹೇಳಲು ಆಗುವುದಿಲ್ಲ.

ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ.

ಪರಿಚಯದವರೊಬ್ಬರ ಮೂಲಕ ಒಬ್ಬ ವ್ಯಕ್ತಿ ಸಿಕ್ಕರು. ವಂಶಾವಳಿ ಹುಡುಕಿಕೊಡುವುದೇ ಕೆಲಸ, ಮೂರು ದೇಶಗಳಲ್ಲಿ ನಮ್ಮ ಜನ ಇದ್ದಾರೆ ಅಂದರು. ಮಾತು ಬಹಳ ನಯ. ಹೆಸರು, ಊರು, ಅಂದಾಜು ವರ್ಷ ಕೇಳಿದರು. 15,000ದಂತೆ ಮೂರು ಕಂತು. ಮನೆಯಲ್ಲಿ ಹಳೆಯ ಕಾಗದಪತ್ರ ಏನಿದೆ ಅಂತ ಒಂದು ಮಾತೂ ಕೇಳಲಿಲ್ಲ. ನನಗೆ ಅನುಮಾನ ಬರಬೇಕಾಗಿದ್ದದ್ದು ಆಗಲೇ. ನಿಜವಾಗಿ ಹುಡುಕುವವರು ಮೊದಲು ನಿಮ್ಮ ಟ್ರಂಕು ತೆಗೆಸುತ್ತಾರೆ.

ನಾಲ್ಕು ತಿಂಗಳಾದ ಮೇಲೆ ದಪ್ಪ ಕಾಗದದಲ್ಲಿ, ಬಂಗಾರದ ಬಣ್ಣದ ಅಂಚು ಹಾಕಿದ ವಂಶವೃಕ್ಷ ಬಂತು. ಐದು ತಲೆಮಾರು. ಜೊತೆಗೆ ಒಂದು ಫೋಟೊ. ಮಾರಿಷಸ್‌ನಲ್ಲಿ 1860ರ ದಶಕದಿಂದ ವಲಸೆ ಬಂದ ಕೂಲಿಗಳ ಫೋಟೊ ತೆಗೆಯುತ್ತಿದ್ದರು. ಅದು ನಿಜ. ಆ ದಾಖಲೆಗಳು ಮೋಕಾದಲ್ಲಿರುವ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟಿನಲ್ಲಿ ಇವತ್ತಿಗೂ ಇವೆ. ಹಾಗಾಗಿ ಫೋಟೊ ನೋಡಿ ನಾವು ಅನುಮಾನ ಪಡಲಿಲ್ಲ. ಬರಿ ಮೈಗೆ ಒಂದು ಬಟ್ಟೆ ಹೊದ್ದ, ಕೆನ್ನೆ ಒಳಗೆ ಹೋದ, ಕ್ಯಾಮೆರಾ ಕಡೆ ನೇರವಾಗಿ ನೋಡುವ ಮನುಷ್ಯ. ದೊಡ್ಡಪ್ಪ ಅದನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕಿವಿ ನೋಡು, ನಮ್ಮಪ್ಪನ ಕಿವಿನೇ” ಅಂದರು. ನಮಗೆಲ್ಲ ಹಾಗೇ ಕಾಣಿಸಿತು. ಕಾಣಬೇಕು ಅಂತ ಆಸೆ ಇದ್ದರೆ ಯಾರ ಕಿವಿಯೂ ನಮ್ಮವರ ಕಿವಿಯ ಹಾಗೇ ಕಾಣುತ್ತದೆ ಅಲ್ವಾ.

ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ಮಾಲಯ ಅಮಾವಾಸ್ಯೆಯ ದಿನ ಮೊದಲ ಸಲ ಅವರ ಹೆಸರು ಹಿಡಿದು ಎಡೆ ಇಟ್ಟರು.

ಆ ಕಾಗದಗಳಲ್ಲಿ ತಪ್ಪು ಎದ್ದು ಕಾಣುವ ಹಾಗೇ ಇತ್ತು. ಈಗ ನೋಡಿದರೆ ಹೊಟ್ಟೆ ಉರಿಯುತ್ತದೆ. ಮಾರಿಷಸ್‌ಗೆ ಬಂದ ವರ್ಷ 1889, ವಯಸ್ಸು 25 ಅಂತ ಇತ್ತು. ನಮ್ಮ ತಾತ ಹುಟ್ಟಿದ್ದು 1898. ಹೋಗಿ ಒಂಬತ್ತು ವರ್ಷದ ಮೇಲೆ ಇಲ್ಲಿ ಮಗ ಹುಟ್ಟುವುದು ಹೇಗೆ? ನಾನು ಕೇಳಿದೆ. ಕರಾರು ಮುಗಿಸಿ ಊರಿಗೆ ಬಂದು, ಮಗ ಹುಟ್ಟಿದ ಮೇಲೆ ಮತ್ತೆ ಹೋಗಿರುತ್ತಾರೆ, ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ ಅಂದರು. ಹಾಗೆ ಎರಡು ಸಲ ಹೋದವರು ನಿಜವಾಗಿಯೂ ಇದ್ದರು. ಹಾಗಾಗಿ ನಂಬಿದೆ. ಎರಡನೇ ಪ್ರಯಾಣದ ದಾಖಲೆ ಎಲ್ಲಿ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಇನ್ನೊಂದು ಕಾಗದ ಇದಕ್ಕಿಂತ ಕೆಟ್ಟದ್ದು. 1864ರ ‘ಜನನ ಪ್ರಮಾಣಪತ್ರ’, ನಮ್ಮ ಹಳ್ಳಿಯದೇ ಅಂತೆ, ಟೈಪ್ ಮಾಡಿದ್ದು, ಸೀಲು ಬೇರೆ. ನಮ್ಮ ದೇಶದಲ್ಲಿ ಇಷ್ಟವಿದ್ದವರು ಜನನ ಮರಣ ನೋಂದಾಯಿಸಿಕೊಳ್ಳಬಹುದು ಅನ್ನುವ ಕಾಯ್ದೆ ಬಂದದ್ದೇ 1886ರಲ್ಲಿ. ದೇಶಕ್ಕೆಲ್ಲ ಒಂದೇ ರೀತಿ ಕಡ್ಡಾಯ ಮಾಡಿದ್ದು 1969ರ ಕಾಯ್ದೆ. 1864ರಲ್ಲಿ ಒಂದು ಹಳ್ಳಿಯ ಕೂಲಿಯವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಸರ್ಟಿಫಿಕೇಟು ಕೊಡುವವರು ಯಾರು? ನಿಮಗೆ ಇಂಥ ಕಾಗದ ಯಾರಾದರೂ ಕೊಟ್ಟರೆ ಅಲ್ಲಿಗೇ ಮಾತು ನಿಲ್ಲಿಸಿಬಿಡಿ.

ನಿಜ ಹೊರಗೆ ಬಂದದ್ದು ಮಾರಿಷಸ್‌ನಿಂದಲೇ. ‘ನಿಮ್ಮ ಸಂಬಂಧಿಕರು’ ಅಂತ ಅಲ್ಲಿನ ಒಂದು ಮನೆಯವರ ವಿಳಾಸವನ್ನೂ ಕೊಟ್ಟಿದ್ದರು. ಕಾಗದ ಬರೆದೆವು. ಅವರೂ ಸಂತೋಷಪಟ್ಟರು, ವಿಡಿಯೋ ಕಾಲ್ ಮಾಡಿದರು. ಆ ಮನೆಯ ಹಿರಿಯಮ್ಮ ಆಡುತ್ತಿದ್ದ ಅಲ್ಲಿನ ಕ್ರಿಯೋಲ್ ಭಾಷೆಯ ಮಾತನ್ನು ಮೊಮ್ಮಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ದೊಡ್ಡಪ್ಪನ ಕನ್ನಡವನ್ನು ನಾನು ಹೇಳುತ್ತಿದ್ದೆ. ಇಬ್ಬರೂ ಅತ್ತರು. ಒಂದು ವರ್ಷ ಹೀಗೇ ನಡೆಯಿತು. ಒಂದು ದಿನ ಆ ಹುಡುಗ, ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಒಂದು ಹಳೆಯ ಟಿಕೆಟ್ಟಿನ ಚಿತ್ರ ಕಳಿಸಿದ. ವಲಸೆ ಬಂದವರು ಜೊತೆಯಲ್ಲೇ ಇಟ್ಟುಕೊಳ್ಳಬೇಕಿದ್ದ ಕಾಗದ. ಅದರಲ್ಲಿ ನಮ್ಮ ಪಡಸಾಲೆಯಲ್ಲಿದ್ದ ಅದೇ ಫೋಟೊ. ಪಕ್ಕದಲ್ಲಿ ನಂಬರು, ಹೆಸರು, ತಂದೆಯ ಹೆಸರು, ಜಿಲ್ಲೆ. ತಂದೆ ಅರುಣಾಚಲಂ. ಜಿಲ್ಲೆ ಉತ್ತರ ಆರ್ಕಾಟ್. ನಮಗೆ ಕೊಟ್ಟ ಪ್ರತಿಯಲ್ಲಿ ಬರಹವನ್ನೆಲ್ಲ ಕತ್ತರಿಸಿ ಮುಖ ಮಾತ್ರ ಉಳಿಸಿದ್ದರು. ನಮ್ಮ ಫೋಟೊದ ಮೂಲೆಯಲ್ಲಿ ಸೀಲಿನ ಅಂಚು ಒಂದಿಷ್ಟು ಕಾಣುತ್ತಿತ್ತು. ಅಷ್ಟು ದಿನ ನಾನು ಅದನ್ನು ಫೋಟೊ ಮೇಲಿನ ಕಲೆ ಅಂದುಕೊಂಡಿದ್ದೆ.

ಅವರ ಮುನಿಯಪ್ಪ ಅವರವರೇ. ನಮ್ಮವರಲ್ಲ. ಹೆಸರೊಂದು ಬಿಟ್ಟರೆ ಏನೂ ಸೇರುವುದಿಲ್ಲ.

ದುಡ್ಡು ತೆಗೆದುಕೊಂಡವರಿಗೆ ಫೋನ್ ಮಾಡಿದೆ. ಎರಡು ಸಲ ಸಿಕ್ಕರು, ಆಮೇಲೆ ನಂಬರೇ ಇಲ್ಲ. ರಸೀದಿ ಇರಲಿಲ್ಲ. ಆ ಕಥೆ ಬೇಡ.

ದೊಡ್ಡಪ್ಪನಿಗೆ ಹೇಳಲು ಹದಿನೈದು ದಿನ ಬೇಕಾಯಿತು. ಕೇಳಿಸಿಕೊಂಡರು. ಏನೂ ಮಾತಾಡಲಿಲ್ಲ. ಸಂಜೆ ತಾವೇ ಸ್ಟೂಲ್ ಹಾಕಿಕೊಂಡು ಫೋಟೊ ಇಳಿಸಿ, ಟವೆಲಿನಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಮೊಳೆ ಕೀಳಲು ಹೋದೆ. “ಮೊಳೆ ಇರಲಿ ಬಿಡಪ್ಪ” ಅಂದರು.

ಆಮೇಲೆ ಟ್ರಂಕು ತೆಗೆದೆ. ಮೊದಲೇ ತೆಗೆಯಬೇಕಿತ್ತು. ಅದರಲ್ಲಿ ಎರಡು ವಸ್ತು ಸಿಕ್ಕಿದವು. ಒಂದು, ಮುತ್ತಜ್ಜಿ ಅರ್ಧ ಎಕರೆ ಮಾರಿದ ಕ್ರಯಪತ್ರ, ಮೈಸೂರು ಸಂಸ್ಥಾನದ ಛಾಪಾ ಕಾಗದದಲ್ಲಿ. ಅದರಲ್ಲಿ ಮುತ್ತಜ್ಜಿಯನ್ನು ‘ಇಂಥವನ ಮಗ ಮುನಿಯಪ್ಪನ ಹೆಂಡತಿ’ ಅಂತ ಬರೆದಿದ್ದಾರೆ. ಅಂದರೆ ಮುತ್ತಾತನ ಅಪ್ಪನ ಹೆಸರು ನಮ್ಮ ಮನೆಯಲ್ಲೇ, ಬರಹದಲ್ಲೇ ಇತ್ತು. ಅದು ಅರುಣಾಚಲಂ ಅಲ್ಲ. ಮೊದಲ ದಿನವೇ ಇದನ್ನು ಓದಿದ್ದರೆ ಆ ಫೋಟೊ ಗೋಡೆ ಏರುತ್ತಿರಲಿಲ್ಲ.

ಇನ್ನೊಂದು, ಆ ಒಂದೇ ಒಂದು ಕಾಗದದ ಲಕೋಟೆ. ಒಳಗಿನ ಕಾಗದ ಹುಳು ತಿಂದು ಪುಡಿಯಾಗಿದೆ. ಲಕೋಟೆಯ ಮೇಲಿನ ಸ್ಟಾಂಪನ್ನು ಯಾವ ಕಾಲದಲ್ಲೋ ಯಾವುದೋ ಹುಡುಗ ಆಸೆಪಟ್ಟು ಕಿತ್ತಿದ್ದಾನೆ. ಸ್ಟಾಂಪಿನ ಜೊತೆ ಅಂಚೆ ಮುದ್ರೆಯ ಮುಕ್ಕಾಲು ಭಾಗ ಹೋಗಿದೆ. ಉಳಿದ ಕಮಾನಿನಲ್ಲಿ ಇಂಗ್ಲಿಷಿನ ಮೂರು ಅಕ್ಷರ: ಬಿ, ಎ, ಎನ್. ಫೋನಿನ ಟಾರ್ಚ್ ಓರೆಯಾಗಿ ಹಿಡಿದಾಗ ಕಂಡಿತು. ಡರ್ಬನ್ ಅನ್ನುವ ಹೆಸರು ಕೊನೆಯಾಗುವುದು ಆ ಮೂರು ಅಕ್ಷರದಲ್ಲೇ. ನಾವು ತಪ್ಪು ದೇಶದಲ್ಲಿ ಹುಡುಕಿಸುತ್ತಿದ್ದೆವು.

ನಟಾಲ್‌ಗೆ 1860ರಿಂದ 1911ರವರೆಗೆ 1,52,184 ಜನ ಕರಾರಿನ ಕೂಲಿಗಳಾಗಿ ಹೋದರು. ಪ್ರತಿಯೊಬ್ಬರಿಗೂ ಒಂದು ನಂಬರು. ಹಡಗಿನ ಪಟ್ಟಿಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಲ್ಲ ಇರುತ್ತವೆ. ಆ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಾರೆ, ಮನೆಯಲ್ಲೇ ಕೂತು ನೋಡಬಹುದು. 45,000 ಕೊಟ್ಟು ಹುಡುಕಿಸಿದ್ದನ್ನು ನಾನೇ ನೋಡಬಹುದಿತ್ತು.

ಆದರೆ ಹೆಸರು ಹಿಡಿದು ಹುಡುಕಿದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ. ಬರೆದುಕೊಂಡವರು, ಹಡಗು ಹತ್ತಿಸುವ ಮೊದಲು ಕೂಲಿಗಳನ್ನು ಇರಿಸುತ್ತಿದ್ದ ಮದ್ರಾಸಿನ ಡಿಪೋದ ಗುಮಾಸ್ತರು. ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಬರೆದರು. ನಮ್ಮ ಮುನಿಸ್ವಾಮಿ ದಕ್ಷಿಣ ಆಫ್ರಿಕಾದಲ್ಲಿ ಮೂನ್‌ಸಾಮಿ ಆದ. ಮಾರಿಷಸ್‌ನಲ್ಲಿ ಆರುಮುಗಂ ಹೋಗಿ ಅರ್ಮೂಗಂ. ತಂದೆಯ ಹೆಸರೋ ಜಾತಿಯ ಹೆಸರೋ ಮುಂದಿನ ತಲೆಮಾರಿಗೆ ಮನೆತನದ ಹೆಸರಾಗಿ ಅಂಟಿಕೊಂಡಿತು. ಮುನಿಯಪ್ಪ ಅನ್ನುವ ಹೆಸರಿಗೇ ನನಗೆ ಆರು ಬಗೆಯ ಕಾಗುಣಿತ ಸಿಕ್ಕಿತು, ಒಂದೊಂದರಲ್ಲೂ ಹತ್ತಾರು ಜನ. ಅದಕ್ಕೇ ನಾನು ಈ ಸಲ ತಂದೆಯ ಹೆಸರು, ವಯಸ್ಸು, ಜಿಲ್ಲೆ ಮೂರನ್ನೂ ಇಟ್ಟುಕೊಂಡು ಹುಡುಕಿದೆ. ಮೂರೂ ಸೇರದೆ ಹೋದರೆ ಬಿಟ್ಟೆ. ಒಬ್ಬರ ಬಳಿ ಬಂದು ನಿಂತೆ. ಊರಿನ ಹೆಸರು ಓದಿದರೆ ತಲೆಬುಡ ಗೊತ್ತಾಗಲಿಲ್ಲ. ಕೊನೆಯಲ್ಲಿ ‘ಉಲ್ಲಿ’ ಅಂತ ಇತ್ತು. ಗಟ್ಟಿಯಾಗಿ ನಾಲ್ಕು ಸಲ ಹೇಳಿದೆ. ಉಲ್ಲಿ ಅಂದರೆ ಹಳ್ಳಿ. ಉಳಿದದ್ದು ನಮ್ಮೂರೇ.

ಹಾಗಂತ ಇವರೇ ನಮ್ಮ ಮುತ್ತಾತ ಅಂತ ಇನ್ನೂ ಹೇಳುವುದಿಲ್ಲ. ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರು ಇರಬಹುದು, ಅವರ ಅಪ್ಪಂದಿರ ಹೆಸರೂ ಒಂದೇ ಇರಬಹುದು. ದಕ್ಷಿಣ ಆಫ್ರಿಕಾದಲ್ಲಿ ಒಬ್ಬರು ಸತ್ತರೆ ಆಸ್ತಿ ವಿಲೇವಾರಿಯ ಕಡತದಲ್ಲಿ ‘ಡೆತ್ ನೋಟೀಸ್’ ಅಂತ ಒಂದು ಹಾಳೆ ಇರುತ್ತದೆ. ಅದರಲ್ಲಿ ತಂದೆ ತಾಯಿ, ಹುಟ್ಟಿದ ಊರು, ಹೆಂಡತಿ, ಮಕ್ಕಳು ಎಲ್ಲ ಬರೆಯುತ್ತಾರೆ. ಹಡಗಿನ ಪಟ್ಟಿಯಲ್ಲಿ ಇಲ್ಲದ ತಾಯಿಯ ಹೆಸರು ಅಲ್ಲಿ ಸಿಗಬಹುದು. ಆ ಹಾಳೆಗಾಗಿ ಪೀಟರ್‌ಮಾರಿಟ್ಸ್‌ಬರ್ಗಿನ ದಾಖಲೆ ಭಂಡಾರಕ್ಕೆ ಬರೆದಿದ್ದೇನೆ. ಅದರಲ್ಲಿ ಬೇರೆ ಹೆಂಡತಿ, ಬೇರೆ ಮಕ್ಕಳ ಹೆಸರು ಇದ್ದರೂ ಇರಬಹುದು. ಕುಂಕುಮ ಇಟ್ಟುಕೊಂಡು ಕಾದ ಮುತ್ತಜ್ಜಿಯನ್ನು ನೆನೆದರೆ ಕಷ್ಟವಾಗುತ್ತದೆ. ಆದರೂ ನಿಜ ಏನಿದೆಯೋ ಅದೇ ಬೇಕು.

ಯಾರಾದರೂ ನಿಮಗೆ ಪೂರ್ವಜರ ದಾಖಲೆ ಅಂತ ತಂದುಕೊಟ್ಟರೆ ಇಷ್ಟು ಕೇಳಿ: ಮೂಲ ಹಾಳೆಯ ಪೂರ್ತಿ ಫೋಟೊ, ನಾಲ್ಕು ಅಂಚೂ ಕಾಣುವ ಹಾಗೆ. ಅದು ಯಾವ ಭಂಡಾರದಲ್ಲಿದೆ, ಯಾವ ಸಂಪುಟ, ಯಾವ ಪುಟ, ಯಾವ ನಂಬರು. ಕೊಡದೆ ಹೋದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಂಗಾರದ ಅಂಚಿನ ವಂಶವೃಕ್ಷವನ್ನು ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಮತ್ತೆ, ಎಲ್ಲ ಖಚಿತವಾಗುವವರೆಗೆ ಮನೆಯ ಹಿರಿಯರ ಕಿವಿಗೆ ಹಾಕಬೇಡಿ. ಆ ವಯಸ್ಸಿನಲ್ಲಿ ಅವರು ಸುಮ್ನೆ ಕೇಳಿಸಿಕೊಂಡು ಬಿಡುವುದಿಲ್ಲ, ಮನಸ್ಸಿಗೆ ಹಚ್ಚಿಕೊಂಡುಬಿಡುತ್ತಾರೆ.

ಪೀಟರ್‌ಮಾರಿಟ್ಸ್‌ಬರ್ಗಿಗೆ ಬರೆದು ಮೂರು ತಿಂಗಳಾಯಿತು. ಉತ್ತರ ಬಂದಿಲ್ಲ. ದೊಡ್ಡಪ್ಪನಿಗೆ ಡರ್ಬನ್ ವಿಷಯ ಇನ್ನೂ ಹೇಳಿಲ್ಲ. ಮೊನ್ನೆ ಹೋದಾಗ ಆ ಲಕೋಟೆ ಮಾತ್ರ ಕೈಗೆ ಕೊಟ್ಟೆ, ಅವರ ಅಜ್ಜಿಗೆ ಬಂದದ್ದು ಅಂತ. ಕನ್ನಡಕ ಹಾಕಿಕೊಂಡು ವಿಳಾಸದ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು.